ಒಂದೇ ನಳಿಗೆ, ಎರಡು ಟ್ರಿಗರ್: ಪಕ್ಕದ ಮನೆ ಅಜ್ಜನ ಜರ್ಮನ್ ಕೋವಿ

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು. ಎಚ್-1ಬಿ ವೀಸಾದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡಿ ಮಗಳ ಹತ್ತಿರ ಹೋಗುತ್ತಿದ್ದಾರೆ. ಅವರ ತಂದೆ 1945ರಲ್ಲಿ ಸೈನಿಕರಾಗಿ ಜರ್ಮನಿಗೆ ಹೋಗಿದ್ದಾಗ ತಂದ ಬೋಲ್ಟ್ ರೈಫಲ್ ಒಂದಿದೆ, ಬೇಕಿದ್ದರೆ ತಗೋ ಅನ್ನುತ್ತಾರೆ. ನಳಿಗೆ ಹಿಂದೆ ಎಂಟು ಮೂಲೆ, ಮುಂದೆ ದುಂಡು. ಒಂದೇ ನಳಿಗೆ, ಆದರೆ ಟ್ರಿಗರ್ ಎರಡು! ಮೇಲೆ ಚಿನ್ನದ ಅಕ್ಷರದಲ್ಲಿ ಒಂದು ಹೆಸರು, ಪಕ್ಕದಲ್ಲಿ ಬ್ರೆಸ್ಲಾವ್ ಅಂತಿದೆ. ಓಕ್ ಎಲೆಯ ಕೆತ್ತನೆ, ಮರದ ತುದಿಗೆ ಕೊಂಬು, ಹಿಂದೆ ಕೆಂಪು ರಬ್ಬರ್ ಪ್ಯಾಡ್, ಮೇಲೆ ಎರಡು ಖಾಲಿ ಗೂಡು. ಪೆಟ್ಟಿಗೆಯಲ್ಲಿ ಹಳೇ ಚೀಟಿ ಸಿಕ್ಕಿತು. ಯಾರೋ ಮರ ಬಿಚ್ಚಿದಾಗ ನಳಿಗೆ ಕೆಳಗಿನ ಗುರುತು ಬರೆದಿಟ್ಟಿದ್ದಾರೆ: ಕಿರೀಟದ ಕೆಳಗೆ ಬಿ, ಜಿ, ಯು, 7,8/57, ಎಸ್‌ಟಿ.ಎಂ.ಜಿ. 14,7, ಕೊನೆಗೆ 3.26. ಇದೇನು, ಯಾರು ಮಾಡಿದ್ದು, ಬೆಲೆ ಎಷ್ಟಿರಬಹುದು? ಅಂಗಡಿಯಲ್ಲಿ '8 ಎಂಎಂ ಮೌಸರ್' ತೋಟಾ ಸಿಗುತ್ತದೆ, ಹೊಡೆದು ನೋಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೇಡ. ಆ ತೋಟಾ ಇದಕ್ಕೆ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ವಿಷಯ ಅದೇ. ಹೊಡೆದು ನೋಡುವ ಮುಂಚೆ ಬರೆದು ಕೇಳಿದ್ದೀರಲ್ಲ, ಒಳ್ಳೆಯದಾಯಿತು.

ಇನ್ನೊಂದು ಮಾತು ಕಾನೂನಿನದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೆಲವು ವಿನಾಯಿತಿಗಳಿವೆ. ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಕೊಡಗಿನ ಮನೆಗಳಲ್ಲಿ ಕೋವಿ ಅಂದರೆ ಮನೆಯ ಸದಸ್ಯನಿದ್ದ ಹಾಗೆ, ಜಮ್ಮಾ ಹಿಡುವಳಿಯವರಿಗೆ ಬಂದೂಕು ಲೈಸೆನ್ಸ್‌ನಿಂದ ಇರುವ ವಿನಾಯಿತಿ ನಮಗೆ ರೂಢಿ. ಆ ರೂಢಿಯಲ್ಲೇ ಇಲ್ಲಿ ಕೈ ಹಾಕಿದರೆ ವೀಸಾಕ್ಕೇ ಸಂಚಕಾರ ಬಂದೀತು. ಮೊದಲು ಅಲ್ಲಿನ ವಕೀಲರೊಬ್ಬರನ್ನು ಕೇಳಿ. ಅಲ್ಲಿವರೆಗೆ ಕೋವಿ ಅಜ್ಜನ ಮನೆಯಲ್ಲೇ ಇರಲಿ. ನೋಡುವುದು, ಫೋಟೋ ತೆಗೆಯುವುದು ಎಲ್ಲ ಅವರ ಅಡಿಗೆಮನೆ ಮೇಜಿನ ಮೇಲೆ, ಅವರ ಕೈಯಿಂದಲೇ ಆಗಲಿ.

ಸರಿ, ಈಗ ಕೋವಿಗೆ ಬರೋಣ.

ಎರಡು ಟ್ರಿಗರ್ ನೋಡಿ ನೀವು ಬೆರಗಾಗಿದ್ದು ಸಹಜ. ನಮ್ಮ ಕಡೆ ಎರಡು ಟ್ರಿಗರ್ ಅಂದರೆ ಜೋಡಿ ನಳಿಗೆ ಕೋವಿ, ನಳಿಗೆಗೊಂದು ಟ್ರಿಗರ್. ಇದು ಹಾಗಲ್ಲ. ಜರ್ಮನ್ನರು ಇದನ್ನು ಸ್ಟೆಖರ್ ಅನ್ನುತ್ತಾರೆ. ಹಿಂದಿನ ಟ್ರಿಗರ್ ಎಳೆದರೆ 'ಟಿಕ್' ಅಂತ ಒಳಗೆ ಒಂದು ಸ್ಪ್ರಿಂಗ್ ಬಿಗಿಯಾಗಿ ಕೂರುತ್ತದೆ. ಆಮೇಲೆ ಮುಂದಿನದನ್ನು ಹೀಗೆ ಮುಟ್ಟಿದರೆ ಸಾಕು, ಗುಂಡು ಹಾರುತ್ತದೆ. ದೂರದ ಜಿಂಕೆಗೆ ಕೈ ನಡುಗದ ಹಾಗೆ ಹೊಡೆಯಲು ಮಾಡಿದ ಉಪಾಯ ಇದು. ನೂರು ವರ್ಷದ ಸ್ಟೆಖರ್ ಒಳಗಿನ ಸ್ಕ್ರೂ ಸವೆದಿದ್ದರೆ ಮೇಜಿಗೆ ತಾಗಿದರೂ ಬಿಟ್ಟುಕೊಳ್ಳಬಹುದು. ಹಾಗಾಗಿ ಹಿಂದಿನ ಟ್ರಿಗರ್ ಜೊತೆ ಆಟ ಬೇಡ. ಮೊದಲು ಬೋಲ್ಟ್ ತೆಗೆದು, ಚೇಂಬರ್ ಮತ್ತು ಮ್ಯಾಗಜಿನ್ ಖಾಲಿ ಇದೆಯಾ ಅಂತ ಬೆರಳಿಟ್ಟು ನೋಡಲು ಅಜ್ಜನಿಗೆ ಹೇಳಿ. ಹಿಂದಿನ ಟ್ರಿಗರ್ ಬಿಗಿದುಕೊಂಡಿದ್ದರೆ ಬೋಲ್ಟ್ ತೆರೆದ ಮೇಲೆಯೇ ಮುಂದಿನದನ್ನು ಮುಟ್ಟಿ ಸಡಿಲಿಸಬೇಕು.

ಯಾರು ಮಾಡಿದ್ದು? ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ, ಮತ್ತು ಎಲ್ಲರೂ ನಳಿಗೆಯ ಮೇಲಿನ ಚಿನ್ನದ ಹೆಸರನ್ನೇ ಉತ್ತರ ಅಂದುಕೊಳ್ಳುತ್ತಾರೆ. ಚಿಕ್ಕಪೇಟೆಯ ಅಂಗಡಿಯ ಚೀಲದಲ್ಲಿ ಬಂತು ಅನ್ನುವುದಕ್ಕೆ ಇಳಕಲ್ ಸೀರೆಯನ್ನು ಚಿಕ್ಕಪೇಟೆಯಲ್ಲಿ ನೇಯ್ದರು ಅನ್ನಲಾಗುತ್ತದಾ? ಬ್ರೆಸ್ಲಾವ್ ಅಂದರೆ ಈಗಿನ ಪೋಲೆಂಡಿನ ವ್ರೊಟ್ಸ್ವಾಫ್. 1945ರವರೆಗೆ ಅದು ಜರ್ಮನಿಯ ದೊಡ್ಡ ಪಟ್ಟಣ. ಅಲ್ಲಿನ ಬಂದೂಕು ಅಂಗಡಿಯವನು ತನ್ನ ಗಿರಾಕಿಗೆ ಮಾರಿದ ಕೋವಿ ಇದು, ಅದಕ್ಕೇ ಅವನ ಹೆಸರು. ಮಾಡಿದವರು ಬಹುಶಃ ಬೇರೆ ಊರಿನವರು.

ಆ ಊರು ಸಾಮಾನ್ಯವಾಗಿ ಥುರಿಂಗಿಯಾದ ಸೂಲ್ ಆಗಿರುತ್ತದೆ. ಕಾಡುಗುಡ್ಡದ ನಡುವಿನ ಸಣ್ಣ ಊರು. ಝಾವರ್, ಹೇನೆಲ್, ಮೆರ್ಕೆಲ್‌ನಂಥ ದೊಡ್ಡ ಹೆಸರುಗಳೆಲ್ಲ ಅಲ್ಲಿಯವೇ. ಆದರೆ ಆ ಊರಿನ ನಿಜವಾದ ಬಲ ದೊಡ್ಡ ಕಾರ್ಖಾನೆಗಳದ್ದಲ್ಲ, ಓಣಿ ಓಣಿಯ ಮನೆಗಳದ್ದು. ಒಬ್ಬ ನಳಿಗೆ ಕೊರೆಯುವವನು. ಒಬ್ಬ ಬೋಲ್ಟು, ಟ್ರಿಗರ್ ಕೂರಿಸುವವನು. ಇನ್ನೊಬ್ಬನದು ಬರೀ ಮರದ ಕೆಲಸ. ಮತ್ತೊಬ್ಬ ಉಳಿ ಹಿಡಿದು ಓಕ್ ಎಲೆ ಕೆತ್ತುವವನು. ಕೋವಿ ಮನೆಯಿಂದ ಮನೆಗೆ ಅಲೆದು ಕೊನೆಗೆ ಬ್ರೆಸ್ಲಾವ್, ಬರ್ಲಿನ್, ಮ್ಯೂನಿಕ್‌ನ ಅಂಗಡಿ ಸೇರುತ್ತಿತ್ತು. ಕೆಲಸದವರ ಹೆಸರು ಮೇಲೆ ಎಲ್ಲೂ ಇರುವುದಿಲ್ಲ. ನಳಿಗೆ ಮಾಡಿದವನು ಮಾತ್ರ ಮರ ಮುಚ್ಚುವ ಜಾಗದಲ್ಲಿ ತನ್ನ ಹೆಸರಿನ ಎರಡು ಅಕ್ಷರ ಒತ್ತಿರುತ್ತಾನೆ. ಅದೂ ಒಂದೊಂದು ಸಲ.

ನಾನೂ ಒಮ್ಮೆ ಇಲ್ಲೇ ಜಾರಿ ಬಿದ್ದಿದ್ದೇನೆ. ಈ ಕೆಲಸ ಕಲಿಯುವ ಕಾಲದಲ್ಲಿ ಬರ್ಲಿನ್ ಹೆಸರಿನ ಒಂದು ಚೆಂದದ ರೈಫಲ್ ನೋಡಿ, 'ಇದು ಖಂಡಿತ ಅವರದ್ದೇ ಕಾರ್ಖಾನೆಯದು' ಅಂತ ಮಾಲೀಕರಿಗೆ ಬರೆದು ಕೊಟ್ಟೆ. ಮರ ಬಿಚ್ಚಿಸಲೇ ಇಲ್ಲ. ವರ್ಷದ ಮೇಲೆ ಬೇರೊಬ್ಬರು ಬಿಚ್ಚಿದರು. ಕೆಳಗೆ ಸೂಲ್‌ನ ಗುರುತುಗಳು ಸಾಲಾಗಿ ಕೂತಿದ್ದವು. ಮಾಲೀಕರು ದೊಡ್ಡ ಮನಸ್ಸಿನವರು, ನಕ್ಕು ಬಿಟ್ಟರು. ಅವತ್ತಿನಿಂದ ಮೇಲಿನ ಹೆಸರು ಓದುವ ಮೊದಲು ಕೆಳಗಿನದು ಕೇಳುತ್ತೇನೆ.

ನಿಮ್ಮ ಚೀಟಿ ನನಗೆ ಖುಷಿ ಕೊಟ್ಟಿದ್ದು ಅದಕ್ಕೇ. ಅದು ಈ ಕೋವಿಯ ಜಾತಕ. ಒಂದೊಂದಾಗಿ ಓದೋಣ.

ಜರ್ಮನಿಯಲ್ಲಿ ಬಂದೂಕು ಮಾರುವ ಮುಂಚೆ ಸರ್ಕಾರಿ ಪರೀಕ್ಷೆ ಕಡ್ಡಾಯ ಮಾಡಿದ ಕಾನೂನು 1891ರದು. ಜಾರಿಗೆ ಬಂದದ್ದು 1893ರಲ್ಲಿ. ಪರೀಕ್ಷೆ ಅಂದರೆ ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾಕಿ ಹೊಡೆಯುವುದು, ಆಮೇಲೆ ಬಿರುಕು, ಉಬ್ಬು ಬಂದಿದೆಯಾ ಅಂತ ನೋಡುವುದು. ಕಿರೀಟದ ಕೆಳಗಿನ ಬಿ ಅಂದರೆ ಹೊಡೆದು ಪರೀಕ್ಷಿಸಿದೆ. ಯು ಅಂದರೆ ಆಮೇಲೆ ತಪಾಸಣೆ ಮಾಡಿದೆ. ಜಿ ಅಂದರೆ ನಳಿಗೆಯೊಳಗೆ ಸುರುಳಿ ಗೀರುಗಳಿವೆ, ಅಂದರೆ ರೈಫಲ್. ಮುಂದೆ ಹೊಸ ಕಾನೂನು ಬಂದು, 1940ರಿಂದ ಕಿರೀಟ ಹೋಗಿ ಹದ್ದು ಬಂತು. ನಿಮ್ಮದರಲ್ಲಿ ಕಿರೀಟವೇ ಇದೆ, ಹಾಗಾಗಿ ಅದಕ್ಕಿಂತ ಹಿಂದಿನದು. ಎಷ್ಟು ಹಿಂದಿನದು ಅನ್ನುವುದನ್ನು ಕೊನೆಯ ಅಂಕಿ ಹೇಳುತ್ತದೆ. 3.26 ಅಂದರೆ 1926ರ ಮಾರ್ಚ್. ಹೀಗೆ ತಿಂಗಳು, ವರ್ಷ ಒತ್ತುವುದು ಸೂಲ್ ಪರೀಕ್ಷಾಲಯದ ರೂಢಿ. ಪಕ್ಕದ ಸೆಲ್ಲಾ-ಮೇಲಿಸ್‌ನಲ್ಲೂ ಇತ್ತು. ಬ್ರೆಸ್ಲಾವ್‌ನ ಹೆಸರು ಹೊತ್ತ ಕೋವಿ ಥುರಿಂಗಿಯಾದಲ್ಲಿ ಹುಟ್ಟಿತು ಅಂತ ನಾನು ಹೇಳುತ್ತಿರುವುದು ಇದೇ ಧೈರ್ಯದ ಮೇಲೆ.

ಎಸ್‌ಟಿ.ಎಂ.ಜಿ. 14,7 ಅಂದರೆ ಉಕ್ಕಿನ ಕವಚದ 14.7 ಗ್ರಾಂ ತೂಕದ ಗುಂಡಿಗೆ ಪರೀಕ್ಷೆಯಾಗಿದೆ ಅಂತ. ಈ ತೂಕ ನೆನಪಿಟ್ಟುಕೊಳ್ಳಿ. 1888ರಲ್ಲಿ ಜರ್ಮನ್ ಸೇನೆ ತಂದ ದುಂಡು ಮೂತಿಯ ಭಾರದ ಗುಂಡು ಇದೇ ತೂಕದ್ದು. 7,8/57 ಅಂದರೆ ನಳಿಗೆಯ ಒಳಗಿನ ಗೀರುಗಳ ನಡುವಿನ ದಿಣ್ಣೆಯಿಂದ ದಿಣ್ಣೆಗೆ 7.8 ಮಿ.ಮೀ., ತೋಟಾ ಕೋಶದ ಉದ್ದ 57 ಮಿ.ಮೀ. ಇವೆರಡನ್ನೂ ಸೇರಿಸಿ ಓದಿದರೆ ಇದು 8×57 ಐ. ಆ 'ಐ' ಇನ್‌ಫೆಂಟರಿಯ ಐ. ಜರ್ಮನ್ ಲಿಪಿಯಲ್ಲಿ ಐ ಮತ್ತು ಜೆ ಒಂದೇ ಥರ ಕಾಣುವುದರಿಂದ ಅಮೆರಿಕದಲ್ಲಿ ಇದನ್ನು 'ಜೆ' ಅಂತ ಓದುತ್ತಾರೆ. ಎರಡೂ ಒಂದೇ.

ಈಗ ಅಪಾಯದ ವಿಷಯ. 1905ರ ಹೊತ್ತಿಗೆ ಜರ್ಮನ್ ಸೇನೆ ಹಳೇ ಗುಂಡು ಬಿಟ್ಟು ಮೊನಚು ಮೂತಿಯ, ಸುಮಾರು 10 ಗ್ರಾಂನ ಹಗುರ ಗುಂಡು ತಂದಿತು. ಇದೇ 'ಎಸ್' ಗುಂಡು. ಜೊತೆಗೆ ಗುಂಡನ್ನು ಸ್ವಲ್ಪ ದಪ್ಪ ಮಾಡಿದರು. ಹಳೆಯದರ ಅಡ್ಡಳತೆ ಸುಮಾರು 8.08 ಮಿ.ಮೀ., ಹೊಸದು ಸುಮಾರು 8.2. ಅಂತರ ಒಂದು ಕೂದಲೆಳೆಯಷ್ಟು. ಆದರೆ ಕೋಶದ ಉದ್ದ ಬದಲಾಗಲಿಲ್ಲ, ಹೊರಗಿನ ಆಕಾರವೂ ಹೆಚ್ಚುಕಡಿಮೆ ಅದೇ. ಅದೇ ಎಡವಟ್ಟು. ಹೊಸ ತೋಟಾ ಹಳೇ ಚೇಂಬರಿಗೆ ಒಮ್ಮೊಮ್ಮೆ ಆರಾಮಾಗಿ ಕೂತುಬಿಡುತ್ತದೆ. ಬೋಲ್ಟ್ ಮುಚ್ಚುತ್ತದೆ. ಟ್ರಿಗರ್ ಎಳೆದಾಗ ಆ ದಪ್ಪ ಗುಂಡು ಸಣ್ಣ ತೂತಿನಲ್ಲಿ ಒತ್ತಿಕೊಂಡು ಹೋಗಬೇಕು. ಕೋಶದ ಕುತ್ತಿಗೆಗೂ ಅಗಲಲು ಜಾಗ ಇಲ್ಲದಿದ್ದರೆ ಒತ್ತಡ ಇನ್ನೂ ಏರುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದು ಉಕ್ಕಿನ ಗಟ್ಟಿತನಕ್ಕೆ ಮತ್ತು ನಿಮ್ಮ ಅದೃಷ್ಟಕ್ಕೆ ಬಿಟ್ಟದ್ದು.

ಅಂಗಡಿಯ ಡಬ್ಬಿಯ ಮೇಲೆ ಬರೀ '8 ಎಂಎಂ ಮೌಸರ್' ಅಂತಿರುತ್ತದೆ. ಐ ಇಲ್ಲ, ಎಸ್ ಇಲ್ಲ. ಒಳಗಿರುವುದು ದಪ್ಪ ಗುಂಡೇ. ನಿಮ್ಮಂಥ ಹಳೇ ಕೋವಿಗಳ ಭಯಕ್ಕೇ ಅಮೆರಿಕದ ಕಂಪನಿಗಳು ಅದಕ್ಕೆ ಕಡಿಮೆ ಒತ್ತಡದ ಮದ್ದು ತುಂಬುತ್ತವೆ. ಯುರೋಪಿನ 8×57 ಐಎಸ್ ತೋಟಾ ಅದಕ್ಕಿಂತ ಎಷ್ಟೋ ಜೋರು. 'ಅಮೆರಿಕದ್ದು ಮೆತ್ತಗಿದೆ, ಹೊಡೆಯಬಹುದು' ಅನ್ನುವವರು ನಿಮಗೆ ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಚೀಟಿ ಐ ಅನ್ನುತ್ತಿದೆ ಸರಿ. ಆದರೆ ಚೀಟಿ 1926ರ ಸ್ಥಿತಿಯನ್ನು ಹೇಳುತ್ತಿದೆ. ಇದು ಅಮೆರಿಕಕ್ಕೆ ಬಂದೇ ಎಂಬತ್ತು ವರ್ಷ ಆಯಿತಲ್ಲ. ಆ ಕಾಲದಲ್ಲಿ ಅಲ್ಲಿ ಜರ್ಮನ್ ತೋಟಾ ಸಿಗದೆ, ಎಷ್ಟೋ ಜನ ಚೇಂಬರನ್ನು ಉದ್ದ ಕೊರೆಸಿ 30-06 ಅನ್ನುವ ಅಮೆರಿಕದ ತೋಟಾದ ಕೋಶದಿಂದ ಮಾಡಿದ 8 ಎಂಎಂ ತೋಟಾ ಹಿಡಿಯುವ ಹಾಗೆ ಮಾಡಿಸಿಕೊಂಡರು. ಹಾಗೆ ಕೊರೆದ ಮೇಲೆ ಹೊಸ ಗುರುತು ಒತ್ತಿದವರು ಕಡಿಮೆ. ಹಾಗಾಗಿ ಈಗ ಅಳೆಯಲೇಬೇಕು. ಒಳ್ಳೆಯ ಗನ್‌ಸ್ಮಿತ್ ಎರಡು ಕೆಲಸ ಮಾಡುತ್ತಾರೆ. ಒಂದು, ಮೆತ್ತಗಿನ ಸೀಸದ ತುಂಡನ್ನು ನಳಿಗೆಯ ಮೂಲಕ ತಳ್ಳಿ ಹೊರಗೆ ಬಂದದ್ದನ್ನು ಅಳೆಯುವುದು. ಎರಡು, ಸೆರೋಸೇಫ್ ಅನ್ನುವ ಲೋಹ ಕರಗಿಸಿ ಚೇಂಬರಿಗೆ ಸುರಿದು ಅಚ್ಚು ತೆಗೆಯುವುದು. ಆ ಲೋಹ ನೀರು ಕುದಿಯುವ ಬಿಸಿಗಿಂತ ಮೊದಲೇ ಕರಗುತ್ತದೆ, ಕೋವಿಗೆ ಏನೂ ಆಗದು. ತಣಿದಾಗ ಮೊದಲು ಕುಗ್ಗಿ, ಆಮೇಲೆ ನಿಧಾನ ಹಿಗ್ಗಿ, ಸುಮಾರು ಒಂದು ಗಂಟೆಗೆ ಸರಿಯಾಗಿ ಚೇಂಬರಿನ ಅಳತೆಗೆ ಬರುತ್ತದೆ. ಅವಸರದಲ್ಲಿ ಅಳೆದರೆ ತಪ್ಪು ಅಂಕಿ ಸಿಗುತ್ತದೆ.

ಮುಂದಿನದು ಬೋಲ್ಟ್ ಕೂರುವ ಉಕ್ಕಿನ ಮನೆ, ರಿಸೀವರ್. ಇದು ಬಹುತೇಕ ಮೌಸರ್ 98 ಅನ್ನುವ ಜರ್ಮನ್ ರೈಫಲ್ ಮಾದರಿಯದೇ. ಪ್ರಶ್ನೆ ಏನೆಂದರೆ, ಬೇಟೆ ಕೋವಿಗೆಂದೇ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆ ಮಾಡಿ ಕಳಿಸಿದ್ದಾ, ಅಥವಾ ಮೊದಲ ಮಹಾಯುದ್ಧದ ಸೈನಿಕ ರೈಫಲ್‌ನಿಂದ ತೆಗೆದದ್ದಾ? ಯುದ್ಧ ಮುಗಿದ ಮೇಲೆ ಅಂಥ ರಿಸೀವರ್‌ಗಳು ರಾಶಿ ಬಿದ್ದಿದ್ದವು. ಸೂಲ್‌ನವರು ಅದರ ಮೇಲಿನ ಸೇನೆಯ ಗುರುತು ಉಜ್ಜಿ ತೆಗೆದು ಬೇಟೆ ಕೋವಿ ಕಟ್ಟಿದರು. 1926 ಅಂದ ತಕ್ಷಣ ನನ್ನ ಅನುಮಾನ ಆ ಕಡೆಗೇ ಹೋಗುತ್ತದೆ. ಎಡಗೋಡೆಯಲ್ಲಿ ಹೆಬ್ಬೆರಳು ಇಳಿಯುವಷ್ಟು ಅರ್ಧಚಂದ್ರದ ಕಡಿತ ಇದೆಯಾ ನೋಡಿ. ಸೈನಿಕರು ಐದು ತೋಟಾಗಳ ಕ್ಲಿಪ್ ಒಟ್ಟಿಗೆ ಒತ್ತಲು ಮಾಡಿದ್ದು ಅದು. ಆದರೆ ಕೆಲವು ಬೇಟೆ ಕೋವಿಗಳಲ್ಲೂ ಇತ್ತು, ಅದೊಂದನ್ನೇ ನಂಬಬೇಡಿ. ಬಲಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಕಿರೀಟದ ಅಕ್ಷರಗಳು, ಎಡಪಕ್ಕದ ಸಂಖ್ಯೆಯ ಕೆಳಗೆ ಗೋಥಿಕ್ ಶೈಲಿಯ ಒಂದು ಅಕ್ಷರ ಇದ್ದರೆ ಸೇನೆಯದೇ. ಅದೇ ಓಬರ್ನ್‌ಡಾರ್ಫ್‌ನ ಹೆಸರು ಕಂಡರೆ ಪೂರ್ತಿ ಓದಿ. 'ವಾಫೆನ್‌ಫಾಬ್ರಿಕ್ ಮೌಸರ್' ಅಂತಿದ್ದರೆ 1922ಕ್ಕೆ ಮುಂಚಿನದು, 'ಮೌಸರ್-ವೆರ್ಕೆ' ಅಂತಿದ್ದರೆ ಆಮೇಲಿನದು.

ಸೇನೆಯ ರಿಸೀವರ್ ಅಂದರೆ ಕೀಳು ಅಂತ ಅಲ್ಲ. ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಅದು ಒಳಗೆ ಮೆದು, ಹೊರಗೆ ಮಾತ್ರ ತೆಳ್ಳಗೆ ಗಟ್ಟಿ ಮಾಡಿದ ಉಕ್ಕು. ಉಜ್ಜುವಾಗ, ದೂರದರ್ಶಕಕ್ಕೆ ತೂತು ಕೊರೆಯುವಾಗ ಆ ಗಟ್ಟಿ ಪದರ ಹೋಗಿದ್ದರೆ, ಅಥವಾ ಬಿಸಿ ಮಾಡಿ ಮೆತ್ತಗೆ ಮಾಡಿದ್ದರೆ, ಬೋಲ್ಟಿನ ಕಿವಿಗಳು ಒಳಗೆ ಕುಳಿ ಒತ್ತಿರುತ್ತವೆ. ಬೋಲ್ಟ್ ಎತ್ತುವಾಗ ಎಲ್ಲಾದರೂ ಕಚ್ಚುತ್ತದಾ ಅಂತ ಗಮನಿಸಿ. ಪಕ್ಕಾ ಹೇಳಲು ಗನ್‌ಸ್ಮಿತ್ ಹತ್ತಿರ ಗೇಜ್ ಇರುತ್ತದೆ.

ಮೇಲಿನ ಆ ಎರಡು ಖಾಲಿ ಗೂಡುಗಳ ಬಗ್ಗೆ ನನಗೆ ಮರುಕ. ಅವು ಉಗುರಿನ ಹಾಗೆ ಕೊಕ್ಕೆ ಇರುವ ದೂರದರ್ಶಕ ಕೂರಿಸುವ ಜಾಗ. ಸೂಲ್‌ನ ಕೈಕೆಲಸದಲ್ಲಿ ಅತಿ ನಾಜೂಕಿನದು. ಒಂದು ಗುಂಡಿ ಒತ್ತಿದರೆ ದೂರದರ್ಶಕ ಕೈಗೆ ಬರಬೇಕು, ಮತ್ತೆ ಕೂರಿಸಿದರೆ ಗುರಿ ಒಂದಿಷ್ಟೂ ಕದಲಬಾರದು. ಅರದಿಂದ ಉಜ್ಜಿ ಉಜ್ಜಿ, ಆ ಒಂದೇ ಕೋವಿಗೆ ಹೊಂದಿಸಿ ಮಾಡುತ್ತಿದ್ದರು. ಬೇರೆ ಕೋವಿಯದು ಇದಕ್ಕೆ ಕೂರುವುದಿಲ್ಲ. ಹಳೇ ಝೈಸ್, ಹೆನ್ಸೋಲ್ಟ್, ಕಾಲೆಸ್ ಕಂಪನಿಯ ದೂರದರ್ಶಕ ಏನಾದರೂ ಅಜ್ಜನ ಅಟ್ಟದಲ್ಲಿ, ಕಾಲುಚೀಲದಲ್ಲಿ ಸುತ್ತಿಟ್ಟು ಬಿದ್ದಿದೆಯಾ? ದಯವಿಟ್ಟು ಹುಡುಕಿಸಿ. ಅದರ ಕೊಕ್ಕೆಯ ಮೇಲೆ ಕೋವಿಯ ಸಂಖ್ಯೆಯೇ ಇದ್ದರೆ ಬೆಲೆಯ ಲೆಕ್ಕವೇ ಬೇರೆ.

ಅಪ್ಪ ತಂದದ್ದು ಅನ್ನುವ ಮಾತನ್ನು ನಂಬಬಹುದಾ? ಕಥೆ ಹೊಂದುತ್ತದೆ. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಸೂಲ್ ಹಿಡಿಯಿತು, ಜುಲೈ ಹೊತ್ತಿಗೆ ಸೋವಿಯತ್ ಕೈಗೆ ಬಿಟ್ಟಿತು. ಜರ್ಮನಿಯ ಉದ್ದಗಲಕ್ಕೂ ಜನ ಮನೆಯ ಬಂದೂಕುಗಳನ್ನು ತಂದು ಒಪ್ಪಿಸಬೇಕಾಯಿತು. ಆ ರಾಶಿಯಿಂದ ಎಷ್ಟೋ ಬೇಟೆ ಕೋವಿಗಳು ಸೈನಿಕರ ಚೀಲ ಸೇರಿದವು. ಚೀಲ ಅಂದೆನಲ್ಲ, ಮರದ ಮುಂಭಾಗವನ್ನು ಕೆಳಗಿನಿಂದ ಚೆನ್ನಾಗಿ ನೋಡಿ. ಉದ್ದದ ಕೋವಿ ಚೀಲದಲ್ಲಿ ಹಿಡಿಯದೆ ಕೆಲವರು ಮರವನ್ನೇ ಗರಗಸದಿಂದ ಕೊಯ್ದು ತಂದು, ಊರಿಗೆ ಬಂದ ಮೇಲೆ ಅಂಟಿಸಿದ್ದಾರೆ. ಸಂಗ್ರಹಕಾರರ ಬಾಯಲ್ಲಿ ಅದಕ್ಕೆ 'ಡಫಲ್ ಕಟ್' ಅಂತಲೇ ಹೆಸರು. ಇನ್ನೊಂದು ಸುಳಿವು: ವ್ಯಾಪಾರಕ್ಕೆ ಅಮೆರಿಕಕ್ಕೆ ಬಂದ ಮಾಲಾದರೆ ಸಾಮಾನ್ಯವಾಗಿ 'ಜರ್ಮನಿ' ಅಂತ ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. 1968ರ ಕಾನೂನಿನ ನಂತರ ಬಂದದ್ದಾದರೆ ಆಮದು ಮಾಡಿದವರ ಹೆಸರೂ ಇರಬೇಕು. ಎರಡೂ ಇಲ್ಲದಿದ್ದರೆ ಅಜ್ಜನ ಮಾತಿಗೆ ತೂಕ ಬರುತ್ತದೆ. ಆಗ ಮೇಲಧಿಕಾರಿ ಸಹಿ ಹಾಕಿ ಸೈನಿಕರಿಗೆ ಒಂದು ಪತ್ರ ಕೊಡುತ್ತಿದ್ದರು, ಈ ಆಯುಧ ಇಟ್ಟುಕೊಳ್ಳಬಹುದು ಅಂತ. ಆ ಕಾಗದ ಸಿಕ್ಕರೆ ಜೋಪಾನ.

ಬೆಲೆಯ ಅಂಕಿ ಮಾತ್ರ ಫೋಟೋ ಕೂಡ ಇಲ್ಲದೆ ನಾನು ಬರೆಯುವುದಿಲ್ಲ. ಆದರೆ ತಕ್ಕಡಿಯಲ್ಲಿ ಏನೇನು ಬೀಳುತ್ತದೆ ಅಂತ ಹೇಳಬಲ್ಲೆ. ಕೆಂಪು ರಬ್ಬರ್ ಪ್ಯಾಡ್ ದೊಡ್ಡ ನಷ್ಟ. ಅಮೆರಿಕದಲ್ಲಿ ಯಾರೋ ಹಿಂಭಾಗದ ಮರ ಕೊಯ್ದು ಅದನ್ನು ಅಂಟಿಸಿದ್ದಾರೆ, ಮೂಲದ ಕೊಂಬಿನ ತಟ್ಟೆ ಕಸದ ಬುಟ್ಟಿಗೆ ಹೋಗಿದೆ. ಹೊಸದಾಗಿ ಕೊರೆದ ಸ್ಕ್ರೂ ತೂತುಗಳಿದ್ದರೆ ಇನ್ನೊಂದಷ್ಟು ಕಳೆಯಿರಿ. ತೋಟಾ ಅಂಗಡಿಯಲ್ಲಿ ಸುಲಭಕ್ಕೆ ಸಿಗದ ಕೋವಿ ಅಂದರೆ ಕೊಳ್ಳುವವರೂ ಕಮ್ಮಿ. ಈ ಥರದ ಸೂಲ್ ಕೋವಿಗಳು ಅಮೆರಿಕದ ಮಾರುಕಟ್ಟೆಯಲ್ಲಿ ತಮ್ಮಲ್ಲಿರುವ ಕೈಕೆಲಸಕ್ಕೆ ಹೋಲಿಸಿದರೆ ಅಗ್ಗವಾಗಿಯೇ ಹೋಗುತ್ತವೆ ಅನ್ನುವುದು ನನ್ನ ಅನುಭವ. ಕೊಳ್ಳುವವರಿಗೆ ಖುಷಿ, ಕೆತ್ತಿದವನ ಆತ್ಮಕ್ಕೆ ಬೇಜಾರು. ಏರಿಸುವುದು ಯಾವುದು? ಅಂಚು ಸವೆಯದ ಅಕ್ಷರಗಳು, ಗೀರು ಬೀಳದ ಸ್ಕ್ರೂ ತಲೆಗಳು, ಕೋವಿಯ ಸಂಖ್ಯೆಯೇ ಇರುವ ಬೋಲ್ಟ್, ಕನ್ನಡಿಯಂಥ ನಳಿಗೆ, ಆ ಕೊಕ್ಕೆಯ ದೂರದರ್ಶಕ.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಹೊಳಪು ಕೊಡಬೇಡಿ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಸಾಲಾಗಿ ನಿಲ್ಲಿಸುವ ಕೈ ನಿಮ್ಮದು. ಹಳೇ ಕೋವಿ ಕಂಡರೆ ಸುಮ್ನೆ ಇರಲಾಗುವುದಿಲ್ಲ, ಗೊತ್ತು. ಆದರೆ ಉಕ್ಕಿನ ಈ ಕಂದು ನೀಲಿ ಬಣ್ಣ ದಿನಗಟ್ಟಲೆ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ತಂದದ್ದು. ಉಕ್ಕುನಾರು ತಾಗಿದರೆ ಹತ್ತು ನಿಮಿಷಕ್ಕೆ ಹೋಗುತ್ತದೆ. ಮೆತ್ತಗಿನ ಬಟ್ಟೆಗೆ ಒಂದು ಹನಿ ಎಣ್ಣೆ, ಅಷ್ಟು ಸಾಕು. ಮನೆಯ ಸ್ಕ್ರೂಡ್ರೈವರ್‌ನಿಂದ ಮರ ಬಿಚ್ಚುವ ಸಾಹಸವೂ ಬೇಡ. ಅದಕ್ಕೆ ಸ್ಕ್ರೂ ಸೀಳಿಗೆ ಸರಿಯಾಗಿ ಕೂರುವ ಬ್ಲೇಡ್ ಬೇಕು. ಕೆಲವು ಕೋವಿಗಳಲ್ಲಿ ಮುಂಭಾಗದ ಮರಕ್ಕೆ ಅಡ್ಡ ಕೀಲಿಯೂ ಇರುತ್ತದೆ. ಗೊತ್ತಿಲ್ಲದೆ ಎಳೆದರೆ ಮರ ಸೀಳುತ್ತದೆ.

ಗನ್‌ಸ್ಮಿತ್ ಬಿಚ್ಚುವ ದಿನ ಅಜ್ಜನ ಜೊತೆ ನೀವೂ ಹೋಗಿ. ನಳಿಗೆಯ ಕೆಳಭಾಗ, ರಿಸೀವರ್‌ನ ಎರಡೂ ಪಕ್ಕ, ಬೋಲ್ಟಿನ ಬುಡದ ಸಂಖ್ಯೆ, ಮರದ ಒಳಗೆ ಪೆನ್ಸಿಲ್‌ನಲ್ಲಿ ಏನಾದರೂ ಬರೆದಿದ್ದರೆ ಅದು, ಇಷ್ಟರ ಫೋಟೋ ಬೇಕು. ಫ್ಲಾಶ್ ಹಾಕಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಳಿಸಿಹೋದ ಗುರುತೂ ಎದ್ದು ಕಾಣುತ್ತದೆ. ಚೀಟಿ ಬರೆದವರು ನಳಿಗೆ ಮಾಡಿದವನ ಆ ಎರಡು ಅಕ್ಷರ ಬಿಟ್ಟಿದ್ದಾರೋ ಅಥವಾ ಅಲ್ಲಿ ಇಲ್ಲವೇ ಇಲ್ಲವೋ, ನನಗೆ ಮೊದಲು ನೋಡಬೇಕಿರುವುದು ಅದನ್ನೇ.